ಕಲ್ಲಿನ ಬಾಗಿಲು ತಟ್ಟುತ್ತಿದ್ದವರು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ, ರಂಗೋಲಿ ಬಿಡಲಿಲ್ಲ. ಕೋಳಿಗಳನ್ನು ಬುಟ್ಟಿಯಿಂದ ಬಿಟ್ಟೆ. ಹಾಲು ಕಾಯಿಸಿದೆ. ನಲ್ಲಿಯಲ್ಲಿ ನೀರು ಬಂದಿತ್ತು, ನಮ್ಮ ತೊಟ್ಟಿ ತುಂಬಿಸಿ ಪಕ್ಕದ ಮನೆಯ ಬಿಂದಿಗೆಗಳನ್ನೂ ತಂದು ತುಂಬಿಸಿದೆ. ರಾಗಿ ಹಿಟ್ಟು ಮುಗಿದಿತ್ತು, ಮಿಲ್ಲಿಗೆ ಹಾಕಿಸಿ ತಂದೆ. ಹುರುಳಿಕಾಳು ಆರಿಸಿ ನೆನೆಹಾಕಿದೆ. ಪಕ್ಕದ ಮನೆಯಲ್ಲಿ ಇವತ್ತು ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ದೊಡ್ಡ ಪಾತ್ರೆಯಲ್ಲಿ ಕಾಫಿ ಮಾಡಿ ಬಂದವರಿಗೆಲ್ಲ ಕೊಟ್ಟೆ. ಆಮೇಲೆ ಅಲ್ಲಿ ಒಳಗೆ ಹೋಗಿ ಆ ಮನೆಯ ಅಕ್ಕನ ತಲೆ ಬಾಚಿದೆ. ಬಾಚುವಷ್ಟು ಕೂದಲು ಉಳಿದಿರಲಿಲ್ಲ, ಆದರೂ ಬಾಚಿದೆ.

ಅವರು ಹೋದದ್ದು ಬೆಳಗಿನ ಜಾವ. ಹೊಟ್ಟೆಯ ಗೆಡ್ಡೆ ಅವರನ್ನು ಬೇಸಿಗೆಯಿಂದಲೂ ತಿನ್ನುತ್ತಿತ್ತು. ಅವರ ಯಜಮಾನರನ್ನು ನಾನು ಭಾವ ಎನ್ನುತ್ತೇನೆ. ವಿದ್ಯುತ್ ಸ್ಥಾವರದಲ್ಲಿ ದುಡಿದು ರಿಟೈರಾದ ಮನುಷ್ಯ, ಮಾತು ಕಡಿಮೆ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಸೀರೆ ಬರ್ಲಿ."

ನಮ್ಮ ಜನರಲ್ಲಿ ಗಂಡ ಇರುವಾಗ ಹೆಂಡತಿ ಹೋದರೆ ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ. ತವರು ಅಂದರೆ ಅವರಿಗೆ ಉಳಿದದ್ದು ಒಬ್ಬ ಅಣ್ಣ. ಆ ಅಣ್ಣ ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳಾಗಿತ್ತು. ಭಾವ ಫೋನು ಮಾಡಿದಾಗ ಆ ಕಡೆಯಿಂದ "ಸರಿ" ಎಂದಷ್ಟೇ ಬಂದು ಕಟ್ಟಾಯಿತಂತೆ. ಬರುತ್ತೇನೆ ಎಂದೂ ಅಲ್ಲ, ಬರುವುದಿಲ್ಲ ಎಂದೂ ಅಲ್ಲ.

ಮೆಟ್ಟೂರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ತಮಿಳಿನಲ್ಲಿ ಪುಳು ಟೀಚರ್ ಎಂದು, ಅಂದರೆ ಹುಳದ ಟೀಚರ್. ಸರ್ಕಾರಿ ಹೈಸ್ಕೂಲಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. "ಉಪ್ಪಿಟ್ಟು ಟೀಚರ್ ಅನ್ನೋದಕ್ಕಿಂತ ವಾಸಿ" ಎಂದು ಪಕ್ಕದ ಕ್ಲಾಸಿನ ಟೀಚರಿಗೆ ಕೇಳುವ ಹಾಗೆ ಹೇಳಿದ್ದರು. ಆ ಟೀಚರ್ ಕ್ಲಾಸಿನಲ್ಲೇ ತಿಂಡಿ ತಿನ್ನುತ್ತಿದ್ದರಂತೆ. ಅಕ್ಕನದು ಬಾಯಿ ಜೋರು. ಸಕ್ಕರೆಯ ವಿಷಯದಲ್ಲಿ ಮಹಾ ಜಿಪುಣಿ. ಮೊಸಳೆ ಮಲಗಿದ್ದ ಬಂಡೆಯ ಪಕ್ಕ ಹರಿಗೋಲು ನಿಲ್ಲಿಸಿ ಹುಡುಗರಿಗೆ ಪಾಠ ಹೇಳುವ ಹೆಂಗಸು, ಅಡುಗೆಮನೆ ಗೋಡೆಯ ಮೇಲೆ ಹಲ್ಲಿ ಕಂಡರೆ ಕಿರುಚಿ ನಮ್ಮ ಮನೆಗೆ ಓಡಿ ಬರುತ್ತಿದ್ದರು. "ಅದನ್ನ ಓಡ್ಸು ರತ್ನ, ನಿನ್ನ ಕಾಲಿಗೆ ಬೀಳ್ತೀನಿ."

ನಮ್ಮಿಬ್ಬರ ಸ್ನೇಹ ಬೆಳೆದದ್ದು ಕನ್ನಡದಿಂದ. ಬೀದಿಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಇನ್ನೂ ಇದ್ದಾರೆ, ಓದಲು ಬರೆಯಲು ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ನಾನು ಕೊಳ್ಳೇಗಾಲದ ಕಡೆಯ ಅಜ್ಜಿಮನೆಯಲ್ಲಿ ಓದಿ ಬಂದವಳು. ಅವರು ತಾವಾಗಿ ಕಲಿತವರು. ಅವರ ತವರು ಪೆನ್ನಾಗರದ ಆಚೆ, ಕುರಿ ಸಾಕುವವರ ಊರು. ಊರಿನ ಪಕ್ಕದಲ್ಲಿ ಒಂದು ಹಳ್ಳ ಇಳಿದು ಕಾವೇರಿಗೆ ಸೇರುತ್ತದೆ.

ವರ್ಷಕ್ಕೊಮ್ಮೆ, ನದಿ ಇಳಿದು ಬಂಡೆಗಳು ಬೆನ್ನು ತೋರಿಸುವ ಕಾಲಕ್ಕೆ, ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಅವರು ಹೊಗೇನಕಲ್ಲಿನ ಕೆಳಗಿನಿಂದ ಮೆಟ್ಟೂರಿನ ಹಿನ್ನೀರಿನವರೆಗೆ ಬರುತ್ತಿದ್ದರು. ಹರಿಗೋಲು ಹೋಗುವಲ್ಲಿ ಹರಿಗೋಲು, ಹೋಗದಲ್ಲಿ ಕಾಲ್ನಡಿಗೆ. ನೀರಿನ ಆರೋಗ್ಯ ನೋಡುವುದು, ನದಿಯನ್ನು ನಂಬಿ ಬದುಕಿರುವ ಪ್ರಾಣಿ ಪಕ್ಷಿ ನೋಡುವುದು ಕೆಲಸ. ಒಂದು ವರ್ಷ ಅಡುಗೆಗೆ ಯಾರೂ ಸಿಗದೆ ನನ್ನನ್ನು ಕರೆದರು. ಆಮೇಲೆ ಪ್ರತಿ ವರ್ಷವೂ ನಾನೇ ಹೋದೆ. ಮನೆಯವರು "ನಿನಗ್ಯಾಕೆ ಈ ವಯಸ್ಸಲ್ಲಿ ಟೂರು" ಎಂದು ಗೊಣಗುತ್ತಿದ್ದರು. ಅಲ್ಲಿ ಮಾಡುತ್ತಿದ್ದುದೂ ಅದೇ ಮುದ್ದೆ, ಅದೇ ಹುರುಳಿಕಾಳಿನ ಸಾರು. ಬದಲಾಗುತ್ತಿದ್ದುದು ಒಲೆಯ ಕಲ್ಲು ಮಾತ್ರ.

ನದಿಗೆ ಇಳಿಯುವಾಗ ಅವರ ವೇಷ ನೋಡಬೇಕಿತ್ತು. ಸೀರೆಯ ಮೇಲೆ ಭಾವನ ಹಳೆಯ ಖಾಕಿ ಶರಟು, ಸೆರಗು ಸೊಂಟಕ್ಕೆ ಬಿಗಿದು, ಕಂಕುಳಲ್ಲಿ ಒಂದು ಬಿಳಿ ಪಿಂಗಾಣಿ ಬೇಸಿನ್. ಅಂಚಿನಲ್ಲಿ ಪಿಂಗಾಣಿ ಎದ್ದು ಕಪ್ಪು ಕಲೆಗಳಾಗಿದ್ದವು. ನೀರಿನ ಬಣ್ಣ ನೋಡಲು ಸಣ್ಣ ಸೀಸೆಗಳು, ಮದ್ದಿನ ಹನಿಗಳು ಅವರ ಹತ್ತಿರ ಇದ್ದವು. ಹುಡುಗರಿಗೆ ಅದೇ ಇಷ್ಟ. ಅಕ್ಕ ನಂಬುತ್ತಿದ್ದುದು ಬೇಸಿನ್ನನ್ನು. ಹರಿಯುವ ನೀರಿನಿಂದ ಒಂದು ಕಲ್ಲು ಎತ್ತಿ, ಬೇಸಿನ್ನಿನಲ್ಲಿ ಅದರ ಅಡಿಯನ್ನು ಮೆಲ್ಲಗೆ ತೊಳೆದರೆ, ಬಿಳಿಯ ಮೇಲೆ ಅಷ್ಟು ಹೊತ್ತು ಕಾಣದಿದ್ದ ಸಂಸಾರಗಳೆಲ್ಲ ಓಡಾಡತೊಡಗುತ್ತಿದ್ದವು. ಮೂರು ಬಾಲದ ಮರಿಹುಳ. ಮರಳಿನ ಕಣ ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡು ಅದನ್ನು ಹೊತ್ತೇ ತಿರುಗುವ ಹುಳ. ಉಗುರಿನಷ್ಟು ಏಡಿ.

"ನೀರು ತಿಳಿಯಾಗಿದೆ ಅಂತ ಕುಡಿಯೋಕೆ ಬಗ್ಗಬೇಡಿ. ಮೊದಲು ಒಳಗೆ ಯಾರಾದ್ರೂ ವಾಸ ಇದಾರಾ ನೋಡಿ. ಬಾಡಿಗೆಯೋರೆಲ್ಲ ಖಾಲಿ ಮಾಡ್ಕೊಂಡು ಹೋದ ಮನೇಲಿ ಏನೋ ಆಗೈತೆ ಅಂತ ತಾನೆ ಅರ್ಥ?" ಎನ್ನುತ್ತಿದ್ದರು.

ಕಲ್ಲು ಎತ್ತುವ ಮೊದಲು ಎರಡು ಬೆರಳ ಗೆಣ್ಣಿನಿಂದ ಅದರ ಮೇಲೆ ಟಕ್ ಟಕ್ ಎಂದು ತಟ್ಟುತ್ತಿದ್ದರು. ಒಂದು ಕಲ್ಲಿಗೂ ಇದು ತಪ್ಪಿದ್ದಿಲ್ಲ. ಹುಡುಗರು ಮುಸಿಮುಸಿ ನಗುತ್ತಿದ್ದರು. "ಒಬ್ಬರ ಮನೆಗೆ ಹೋಗುವಾಗ ಬಾಗಿಲು ತಟ್ಟಲ್ವಾ?" ಎಂದು ಅವರೇ ಒಮ್ಮೆ ಹೇಳಿದ್ದರಿಂದ, ಅದು ಅವರ ದೊಡ್ಡ ಮನಸ್ಸಿನ ಗುರುತು ಎಂದು ನಾವೆಲ್ಲ ತಿಳಿದಿದ್ದೆವು. ನೋಡಿದ ಕಲ್ಲನ್ನು ಯಾರಾದರೂ ಎಸೆದರೆ ಬಂತು ಬೈಗುಳ. "ಏಯ್, ಛಾವಣಿ ಕಿತ್ತು ಎಸೆದು ಹೋಗ್ತೀಯಲ್ಲೋ, ನಿಮ್ಮಪ್ಪನ ಮನೇನಾ ಅದು? ಇದ್ದ ಹಾಗೆ ಮುಚ್ಚು."

ಸೆಲ್ವಿ ಎಂಬ ಹುಡುಗಿ ನೀರುನಾಯಿ ನೋಡಲೇಬೇಕೆಂದು ಹಟ ಹಿಡಿದಿದ್ದಳು. ನೀರುನಾಯಿ ಎಲ್ಲರಿಗೂ ಕಾಣುವಂಥದ್ದಲ್ಲ. ಅವರು ಬಂಡೆಯ ಮೇಲೆ ಬಿದ್ದಿದ್ದ ಅದರ ಹಿಕ್ಕೆಯನ್ನು ಕಡ್ಡಿಯಲ್ಲಿ ಬಿಡಿಸಿ, ಮೀನಿನ ಹುರುಪೆ ತೋರಿಸಿ, ಅವಳ ಮೂಗಿನ ಹತ್ತಿರ ಹಿಡಿದರು.

"ಮೂಸು."

"ಅಯ್ಯೋ ಟೀಚರ್!"

"ಮಲ್ಲಿಗೆ ಅಂತ ನಾನೇನೂ ಹೇಳ್ಲಿಲ್ಲ. ಅವನು ನೆನ್ನೆ ಇಲ್ಲಿ ಊಟ ಮಾಡಿದಾನೆ. ಊಟ ಸಿಕ್ಕಿದೆ ಅನ್ನೋದೇ ದೊಡ್ಡ ಸುದ್ದಿ. ಮುಖ ಇನ್ನೊಂದಿನ ತೋರಿಸ್ತಾನೆ."

ಸೆಲ್ವಿ ಈಗ ಸೇಲಂನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಸುದ್ದಿ ತಿಳಿದ ಕೂಡಲೇ ಬಸ್ಸು ಹತ್ತಿದವಳು ಮಧ್ಯಾಹ್ನ ಬಂದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಲಿಗೆ ಬಿದ್ದು, ಹೊರಬಂದು, ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಆಂಟಿ, ಟೀಚರ್ ಅಣ್ಣನ್ನ ಬಸ್ ಸ್ಟ್ಯಾಂಡಲ್ಲಿ ಪಾತ್ತೇನ್."

"ನೋಡ್ದ್ಯಾ? ಎಲ್ಲಿ, ಬಂದ್ರಾ?"

"ಇಲ್ಲ ಆಂಟಿ. ಶಂಕಗಿರಿ ಬಸ್ಸಿಂದ ಇಳಿದ್ರು. ಕೈಯಲ್ಲಿ ಒಂದು ಕವರು, ಒಂದು ಖಾಲಿ ಕ್ಯಾನು. ನಾನು ಕೂಗೋಷ್ಟ್ರಲ್ಲಿ ಪೆನ್ನಾಗರಂ ಬಸ್ ಹತ್ತಿ ಪೋಯಿಟ್ಟಾರು."

ಈ ಊರಿನಲ್ಲೇ ಇಳಿದು, ತಂಗಿಯ ಹೆಣ ಇರುವ ಬೀದಿಗೆ ಬೆನ್ನು ಹಾಕಿ ಇನ್ನೊಂದು ಬಸ್ಸು ಹತ್ತಿ ಹೋದರು ಎಂದರೆ ಇನ್ನೇನು ಅರ್ಥ? ಭಾವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಒಂದು ಲೋಟ ಮಜ್ಜಿಗೆ ಹಿಡಿದು ಹೋಗಿ, ಅದನ್ನು ಕೊಡುತ್ತಾ ಹೇಳಿದೆ. ಅವರು ಮಜ್ಜಿಗೆ ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟರು.

"ಸೀರೆ ಬರ್ಲಿ ರತ್ನ. ಕಾಯೋಣ."

"ಬಿಸಿಲು ಜಾಸ್ತಿ ಐತೆ ಭಾವ. ಹೆಚ್ಚು ಹೊತ್ತು ಇಡೋಕಾಗಲ್ಲ."

"ಅವಳಿಗೆ ಅವನು ಹೊದಿಸ್ಬೇಕು" ಎಂದರು, ಅಷ್ಟೇ.

ಆ ಅಣ್ಣ ತಂಗಿ ಮಾತು ಬಿಟ್ಟದ್ದು ಹೇಗೆಂದು ಹೇಳಬೇಕಾದರೆ ಅಕ್ಕನ ಒಂದು ಕಟ್ಟಳೆಯನ್ನು ಹೇಳಬೇಕು. ಹಗಲೆಲ್ಲ ಕಂಡದ್ದನ್ನು ಸಂಜೆ ಅದೇ ಊರಿನವರ ಮುಂದೆ ಕೂತು ಹೇಳಿಬಿಡುವುದು. ಒಪ್ಪಿಸುವುದು ಎನ್ನುತ್ತಿದ್ದರು ಅದಕ್ಕೆ. "ಯಾರ ನೀರೋ ಅವರಿಗೆ ಮೊದಲು ಗೊತ್ತಾಗಲಿ. ಇಲ್ಲಿ ಬಾಯಿ ಮುಚ್ಕೊಂಡಿದ್ದು ಮೆಟ್ಟೂರಿಗೆ ಹೋಗಿ ಹೇಳಿದ್ರೆ ಅದು ಚಾಡಿ." ಒಂದು ಊರಿನಲ್ಲಿ ಚರಂಡಿ ನದಿಗೆ ಬಿದ್ದ ಕಡೆ ಬೇಸಿನ್ನಿನಲ್ಲಿ ಕೊಳಚೆಯಲ್ಲೂ ಬದುಕುವ ಕೆಂಪು ಎಳೆಹುಳ ಬಿಟ್ಟು ಏನೂ ಸಿಗಲಿಲ್ಲ. ಅದನ್ನು ಹೇಳಿದಾಗ ಒಬ್ಬ ಮುದುಕ ಎದ್ದು, "ನಮ್ಮೂರ ಬಚ್ಲ ಮೂಸಾಕೆ ಅಷ್ಟು ದೂರದಿಂದ ಬಂದ್ಯಾ ತಾಯಿ? ನಿಮ್ಮೂರಾಗೆ ಬಚ್ಲೇ ಇಲ್ವಾ?" ಎಂದ. ಎಲ್ಲರೂ ನಕ್ಕರು. ಅವರೂ ನಕ್ಕರು. "ಐತಪ್ಪ. ಅದನ್ನ ಅಲ್ಲೇ ಹೇಳಿದೀನಿ. ಅದಕ್ಕೇ ನಮ್ಮ ಬೀದೀಲಿ ಅರ್ಧ ಜನ ನನ್ನ ಮಾತಾಡ್ಸಲ್ಲ."

ಅಣ್ಣ ಮಾತು ಬಿಟ್ಟ ಆ ವರ್ಷ ಸೆಲ್ವಿಯೂ ನಮ್ಮ ಜೊತೆಗಿದ್ದಳು. ತಮ್ಮ ತವರಿನ ಹಳ್ಳವನ್ನು ಹುಡುಗರಿಗೆ ತೋರಿಸುವ ಉಮೇದು ಅವರಿಗೆ. ದಾರಿಯುದ್ದಕ್ಕೂ ಅದೇ ಜಂಬ. "ಇದೆಲ್ಲ ಏನು ನೋಡ್ತೀರಿ? ನಮ್ಮ ಹಳ್ಳಕ್ಕೆ ಬನ್ನಿ. ಒಂದು ಕಲ್ಲೆತ್ತಿದ್ರೆ ಜಾತ್ರೆ ಇರ್ತದೆ." ಹಳ್ಳ ನದಿಗೆ ಸೇರುವ ಕಡೆ ಮೀನು ಹಿಡಿಯುವವರ ಗುಡಿಸಲುಗಳಿದ್ದವು. ಅಲ್ಲಿನ ಹೆಂಗಸರು, ಈಚೆಗೆ ಹಳ್ಳದ ಬಾಯಿಗೆ ಮೀನು ಬರುವುದೇ ಇಲ್ಲ, ಕೆಲವು ಸಲ ಮರಿಗಳು ಬೆಳ್ಳಗೆ ತೇಲುತ್ತವೆ ಎಂದರು.

ಹಳ್ಳದಲ್ಲಿ ಮೊದಲ ಕಲ್ಲನ್ನು ಅವರೇ ತಟ್ಟಿ ಎತ್ತಿದರು. ಬೇಸಿನ್ನಿನಲ್ಲಿ ತೊಳೆದರು. ನೀರು ತಿಳಿಯಾಗಿತ್ತು. ಬಿಳಿಯ ಮೇಲೆ ಏನೂ ಓಡಾಡಲಿಲ್ಲ. ಇನ್ನೊಂದು ಎತ್ತಿದರು. ಮತ್ತೊಂದು. ಹುಡುಗರ ಗದ್ದಲ ನಿಂತಿತು. ಅಷ್ಟು ಹೊತ್ತು ಬೆನ್ನು ನೋವು ಎನ್ನುತ್ತಿದ್ದ ಹೆಂಗಸು ಬಗ್ಗಿದವರು ಮೇಲೇಳದೆ ಕಲ್ಲಿನಿಂದ ಕಲ್ಲಿಗೆ ಹೋಗುತ್ತಿದ್ದರು. ಕೊನೆಗೆ ಒಂದು ಸತ್ತ ಏಡಿ ಸಿಕ್ಕಿತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹಳ್ಳದ ಮೇಲಕ್ಕೆ ನಡೆದರು. ನಾವು ಹಿಂದೆ ಹೋದೆವು.

ಮೇಲೆ ಒಂದು ಮಡು. ಉಣ್ಣೆ ಕತ್ತರಿಸುವ ಮುಂಚೆ ಆ ಊರಿನವರು ಕುರಿ ತೊಳೆಯುವುದು ಅಲ್ಲೇ, ತಲೆಮಾರುಗಳಿಂದ. ದಡದಲ್ಲಿ ಒದ್ದೆ ಕುರಿಗಳು ಮೈ ಕೊಡವುತ್ತಿದ್ದವು. ಅವರ ಅಣ್ಣ ಮೊಣಕಾಲು ನೀರಿನಲ್ಲಿ ನಿಂತಿದ್ದರು. ತಂಗಿಯನ್ನು ಕಂಡು ಮುಖವೆಲ್ಲ ಅರಳಿತು.

"ಬಾ ಮರೀ! ಇದೇನು, ಇಷ್ಟೊಂದು ಉಡುಗ್ರು? ಎಲ್ರಿಗೂ ಮುದ್ದೆ ಮಾಡ್ಸಾಣ, ಬಾ."

ದಡದಲ್ಲಿ ಔಷಧಿಯ ಖಾಲಿ ಡಬ್ಬಗಳು ಬಿದ್ದಿದ್ದವು. ಕುರಿಯ ಮೈಯ ಉಣುಗು ಸಾಯುವ ಔಷಧಿ. ಅದನ್ನು ತೊಟ್ಟಿಯ ನೀರಿಗೆ ಬೆರೆಸಿ ಒಂದೊಂದೇ ಕುರಿಯನ್ನು ಅದ್ದಬೇಕು, ಉಳಿದ ನೀರನ್ನು ಹಳ್ಳದಿಂದ ದೂರ ಗುಂಡಿಗೆ ಚೆಲ್ಲಬೇಕು. ಊರಿನಲ್ಲಿ ತೊಟ್ಟಿ ಇರಲಿಲ್ಲ. ಕುರಿಗೂ ಮಡುವಿಗೂ ಹಳೆಯ ನಂಟು ಇತ್ತು. ಹಾಗಾಗಿ ಊರಿನವರಿಗೆ ಸಹಜವಾಗಿ ತೋಚಿದ್ದು ಇದು: ಮಡುವಿನ ಬಾಯಿಗೆ ಮರಳಿನ ಕಟ್ಟೆ ಹಾಕಿ, ನೀರಿಗೇ ಔಷಧಿ ಸುರಿದು, ಮಂದೆಯನ್ನೆಲ್ಲ ಒಂದೇ ಸಲ ಈಜಿಸಿ ದಾಟಿಸುವುದು. ಕೆಲಸ ಮುಗಿದ ಮೇಲೆ ಕಟ್ಟೆ ಒಡೆಯುವುದು.

ಅವರು ಏಡಿಯನ್ನು ಅಣ್ಣನಿಗೆ ತೋರಿಸಿ ಹೇಳಿದರು. ಅಣ್ಣನಿಗೆ ಅರ್ಥವಾಗದೆ ಇರಲಿಲ್ಲ. ಮುಖ ಸಪ್ಪಗಾಯಿತು.

"ನಂಗೊತ್ತಿರ್ನಿಲ್ಲ ಮರೀ. ಇನ್ಮ್ಯಾಕೆ ನೋಡಾಣ. ಆದ್ರೆ ಸಂಜೆ ಬೇವಿನ ಕಟ್ಟೆ ಮ್ಯಾಲೆ ಇದ್ನ ಏಳ್ಬ್ಯಾಡ. ಕೆಳಗಿನ ಮೀನೋರೂ ಬತ್ತಾರೆ. ಮೇಟೂರಿಗೆ ಓಗಿ ಬರ್ಕೋ, ಯಾರಿಗೆ ಬೇಕೋ ಏಳ್ಕೋ. ಇಲ್ಲಿ ಬ್ಯಾಡ."

ಸಂಜೆ ಬೇವಿನ ಕಟ್ಟೆಯ ಮೇಲೆ ಅವರು ಹೇಳಿದರು. ತಮಿಳಿನಲ್ಲೂ ಹೇಳಿದರು, ಕನ್ನಡದಲ್ಲೂ ಹೇಳಿದರು. ಯಾವ ಮಡು, ಯಾರ ಕುರಿ ಎಂದು ಮೀನಿನವರು ಕೇಳಿದಾಗ "ನಮ್ಮಣ್ಣಂದು, ಇನ್ನೂ ಕೆಲವರದು" ಎಂದರು. ಗಲಾಟೆಯಾಯಿತು. ಅತ್ತಿಗೆ ಮಾಡಿಟ್ಟಿದ್ದ ಮುದ್ದೆಯನ್ನು ನಾವು ಯಾರೂ ತಿನ್ನಲಿಲ್ಲ. ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ: "ಇನ್ನ ಈ ಒಸ್ಲು ತುಳೀಬ್ಯಾಡ."

ಆಮೇಲಿನದು ಇನ್ನೂ ಕೆಟ್ಟದ್ದು. ಮುಂದಿನ ಸಲ ತೊಳೆಯುವ ಕಾಲಕ್ಕೆ ಮೀನಿನವರು ಬಂದು ಮಡುವಿನ ದಡದಲ್ಲೇ ಕೂತರು. ಅಣ್ಣ ಔಷಧಿ ನಿಲ್ಲಿಸಿದರು. ಅಕ್ಕ, ತೊಟ್ಟಿ ಕಟ್ಟಿಸಿಕೊಡಿ ಎಂದು ಆಫೀಸಿನಿಂದ ಆಫೀಸಿಗೆ ಅಲೆದರು. ನಾನೂ ಜೊತೆಗೆ ಹೋಗಿ ಬೆಂಚುಗಳ ಮೇಲೆ ಕೂತಿದ್ದೇನೆ. ಸಾಹೇಬರು ಕ್ಯಾಂಪ್ ಹೋಗಿದ್ದಾರೆ, ಮುಂದಿನ ವಾರ ಬನ್ನಿ. ತಾವೇ ಕಟ್ಟಿಸಿಕೊಡುವುದಾಗಿ ಹೇಳಿ ಕಳಿಸಿದರೆ ಅಣ್ಣ ಬೇಡ ಎಂದರು. ಅಷ್ಟರಲ್ಲಿ ಉಣುಗು ಮಂದೆಯ ರಕ್ತ ಹೀರಿತ್ತು. ಮರಿಗಳು ಕಿವಿ ಜೋಲು ಬಿಟ್ಟು ನಿಂತಲ್ಲೇ ಕುಸಿದವಂತೆ. ಉಳಿದವನ್ನು ಮಾರಿ ಅಣ್ಣ ಶಂಕಗಿರಿಯ ಲಾರಿ ಶೆಡ್ಡೊಂದಕ್ಕೆ ಕಾವಲುಗಾರನಾಗಿ ಸೇರಿದರು. ಅತ್ತಿಗೆ ಅಲ್ಲೇ ತೀರಿಕೊಂಡರು. ತಂಗಿಗೆ ಹೇಳಿ ಕಳಿಸಲಿಲ್ಲ.

ಇವರು ನದಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಹರಿಗೋಲು ಆ ಹಳ್ಳದ ಬಾಯಿಯ ಮುಂದೆ ಹಾಯುವಾಗ ಎದುರು ದಡದ ಕಡೆ ತಿರುಗಿ ಕೂರುತ್ತಿದ್ದರು. ಅಲ್ಲಿ ನೀರುಕಾಗೆ ಕೂತಿದೆ ನೋಡಿ, ಎನ್ನುತ್ತಿದ್ದರು. ಕೆಲವು ಸಲ ಅಲ್ಲಿ ಏನೂ ಕೂತಿರುತ್ತಿರಲಿಲ್ಲ. ನಾನು ಒಮ್ಮೆ ತರಕಾರಿ ಹೆಚ್ಚುತ್ತಾ ಕೇಳಿದೆ: "ಅವತ್ತೊಂದಿನ ಸುಮ್ನಿದ್ದಿದ್ರೆ ಆಗ್ತಿರಲಿಲ್ವಾ ಅಕ್ಕ?"

"ಮೇಲಿನ ಊರೋರಿಗೆ ಅವರ ಚರಂಡಿ ವಿಷಯ ಮುಖದ ಮೇಲೆ ಹೇಳಿ ಬಂದಿದ್ದೆ ಕಣೇ. ನಮ್ಮಣ್ಣಂಗೆ ಅಂತ ಬೇರೆ ನಾಲಿಗೆ ಎಲ್ಲಿಂದ ತರ್ಲಿ?" ಎಂದರು. ಆಮೇಲೆ, "ಕುರಿಗಳು ಏನು ಮಾಡಿದ್ವು ಪಾಪ" ಎಂದು ಈರುಳ್ಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೆಚ್ಚಿದರು.

ಇವತ್ತು ಹೊತ್ತು ಇಳಿಯುತ್ತಿದ್ದ ಹಾಗೆ ಬೀದಿಯ ಹಿರಿಯರು ಭಾವನಿಗೆ ಹೇಳತೊಡಗಿದರು, ನಮ್ಮಲ್ಲೇ ಯಾರಾದರೂ ಅಣ್ಣನ ಸ್ಥಾನದಲ್ಲಿ ನಿಂತು ಸೀರೆ ಹಾಕಲಿ, ಕತ್ತಲಾದರೆ ಕಷ್ಟ ಎಂದು. ಭಾವ ತಲೆ ಎತ್ತಲಿಲ್ಲ. ಯಾರೋ ಸೀರೆ ತರಲು ಅಂಗಡಿಗೆ ಹೊರಟರು. ಆಗ ಬೀದಿಯ ತುದಿಯಲ್ಲಿ ಆಟೋ ನಿಂತಿತು.

ಅಣ್ಣ ಇಳಿದರು. ಬಹಳ ಮುದುಕರಾಗಿದ್ದರು. ಒಂದು ಕೈಯಲ್ಲಿ ಜವಳಿ ಅಂಗಡಿಯ ಕವರು, ಇನ್ನೊಂದರಲ್ಲಿ ಹಳದಿ ಪ್ಲಾಸ್ಟಿಕ್ ಕ್ಯಾನು, ಈಗ ತುಂಬಿದ್ದು. ಮೊಣಕಾಲವರೆಗೆ ಪಂಚೆ ಒದ್ದೆ, ಕೆಸರು. ನೇರ ಒಳಗೆ ಹೋಗಿ ತಂಗಿಯ ತಲೆಯ ಹತ್ತಿರ ಕೂತು ನೋಡಿದರು. ಅಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಇವಳ್ ಜೊತೆ ಅಡುಗೆಗೆ ಓಗ್ತಿದ್ದೋಳು ನೀನೇ ಅಲ್ವಾ ತಾಯಿ? ಉಳ ನೋಡೋ ಬಿಳೀ ಬೇಸಿನ್ ಐತಾ?"

ಬಚ್ಚಲುಮನೆಯ ಮೂಲೆಯಲ್ಲಿತ್ತು. ತೊಳೆದು ತಂದೆ.

"ಈ ನೀರು ಅದ್ರಾಗೆ ಉಯ್ಯಿ. ನೋಡಿ ಏಳು. ನಮ್ಮ ಮಡೂದು."

ನಾನು ಕ್ಯಾನು ಬಗ್ಗಿಸಿ ಬೇಸಿನ್ನಿಗೆ ನೀರು ಹಾಕಿದೆ. ಬಾಗಿಲ ಬೆಳಕಿಗೆ ಸರಿಸಿದೆ. ಸೆಲ್ವಿಯೂ ಬಂದು ಮಂಡಿಯೂರಿದಳು. ನೀರು ನಿಂತಿತು. ಕೆಳಗೆ ಬಿಳಿ, ಅಂಚಿನ ಕಪ್ಪು ಕಲೆ, ಒಂದಿಷ್ಟು ಮರಳು. ಕಡ್ಡಿಯಿಂದ ಮರಳನ್ನು ಸರಿಸಿ ನೋಡಿದೆ. ಸೆಲ್ವಿ ನನ್ನ ಮುಖ ನೋಡಿದಳು. ಹುಳ ಇದೆ ಎಂದುಬಿಟ್ಟರೆ ಆ ಮುದುಕರ ಜೀವಕ್ಕೆ ಎಷ್ಟು ಸಮಾಧಾನವಾಗುತ್ತಿತ್ತೋ. ಆದರೆ ಪಕ್ಕದಲ್ಲಿ ಮಲಗಿದ್ದವರು, ಅಣ್ಣನಿಗೂ ಬೇರೆ ನಾಲಿಗೆ ತರದ ಅಕ್ಕ.

"ಏನೂ ಕಾಣ್ತಿಲ್ಲ ಅಣ್ಣ."

"ಸರ್ಯಾಗಿ ನೋಡ್ದ್ಯಾ?"

"ನೋಡ್ದೆ. ಒಂದು ಕ್ಯಾನ್ ನೀರಲ್ಲಿ ಹೇಳೋಕೆ ಬರಲ್ಲ ಅಣ್ಣ. ಕಲ್ಲು ಎತ್ತಿ ನೋಡ್ಬೇಕು ಅಂತ ಅಕ್ಕನೇ ಹೇಳೋರು."

"ಎತ್ತಿದೆ ತಾಯಿ. ಅಷ್ಟೊತ್ತೂ ಅದೇ ಮಾಡ್ದೆ. ಕಣ್ಣಾಗೆ ಪೊರೆ ಬಂದೈತೆ, ಏನೂ ಕಾಣಾಕಿಲ್ಲ. ಅದುಕ್ಕೇ ನೀರು ತಂದೆ." ಅವರು ಬೇಸಿನ್ನಿನ ಅಂಚನ್ನು ಸವರಿದರು. "ಒಂದೊಂದು ಕಲ್ಲೂ ತಟ್ಟಿ ಎತ್ತಿದೆ. ಕಲ್ಲಿನಡಿ ಚೇಳಿರ್ತದೆ, ತಟ್ಟಿ ಎತ್ತು ಅಂತ ಸಣ್ಣೋಳಿದ್ದಾಗ ಇವಳ್ಗೆ ಏಳ್ಕೊಟ್ಟೋನೇ ನಾನು. ಮಂದೆ ಮುಗ್ದೋಯ್ತು. ಆ ಮಡೂಗೆ ಈಗ ಒಂದು ಕುರೀನೂ ಇಳಿಯಾಕಿಲ್ಲ. ಉಳ ಬಂದಿದ್ರೆ ಇವಳ ಕಿವ್ಯಾಗೆ ಒಂದ್ಮಾತು ಏಳಾಣ ಅಂತಿದ್ದೆ."

ಭಾವ ಬಾಗಿಲಲ್ಲಿ ನಿಂತಿದ್ದರು.

"ಹನ್ನೊಂದನೇ ದಿನದ ಕಾರ್ಯ ಕಳೀಲಿ ಅಣ್ಣ, ನಾನು ಬಂದು ನೋಡ್ತೀನಿ" ಎಂದೆ.

"ನಾನೂ ಬರ್ತೀನಿ" ಎಂದಳು ಸೆಲ್ವಿ.

"ಬನ್ನಿ" ಎಂದರು ಅಣ್ಣ. "ಇದ್ರಾಗೇ ತೊಳೀರಿ ಇವಳ್ನ. ಇನ್ನ್ಯಾವ ನೀರೂ ಬ್ಯಾಡ."

ಗಂಡಸರನ್ನು ಹೊರಗೆ ಕಳಿಸಿ ಆ ನೀರಿನಲ್ಲೇ ತೊಳೆದೆವು. ಬೆರಳ ಗೆಣ್ಣುಗಳನ್ನು ನಾನು ತೊಳೆದೆ. ನದಿಯ ಕಲ್ಲುಗಳಿಂದ ಅಲ್ಲಿ ಚರ್ಮ ಒರಟಾಗಿತ್ತು, ಇಷ್ಟು ದಿನ ಹಾಸಿಗೆ ಹಿಡಿದಿದ್ದರೂ ಮೆತ್ತಗಾಗಿರಲಿಲ್ಲ. ಅಣ್ಣ ಬಂದು ಕವರಿನಿಂದ ಸೀರೆ ತೆಗೆದರು. ಹಸಿರು ಹತ್ತಿ ಸೀರೆ. ಮಡಿಕೆ ಬಿಡಿಸಲು ಬಾರದೆ ತಡವರಿಸಿದಾಗ ಭಾವ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಹೊದಿಸಿದರು. ಬೆಳಕಿರುವಾಗಲೇ ಎತ್ತಿದರು.

ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ಮನೆ ತೊಳೆದು, ಬೇಸಿನ್ನನ್ನು ಒರೆಸಿ ಅದರ ಮೂಲೆಗೇ ಇಟ್ಟು, ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದೆ. ಎಲ್ಲರೂ ಸ್ನಾನ ಮಾಡಿ ಬಂದು ನಮ್ಮ ಜಗಲಿಯಲ್ಲಿ ಕೂತರು. ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ. ಭಾವ ನಾಲ್ಕು ತುತ್ತು ನುಂಗಿ ಕೈ ತೊಳೆದರು. ಸೆಲ್ವಿ ತಟ್ಟೆ ಮುಂದಿಟ್ಟುಕೊಂಡು ಅಳುತ್ತಾ ಎಲ್ಲವನ್ನೂ ತಿಂದಳು. ಅಣ್ಣ ಒಂದು ಮುದ್ದೆ ಮುಗಿಸಿ, ಕೇಳದೆ ತಟ್ಟೆ ಮುಂದೆ ಚಾಚಿದರು, ಇನ್ನೊಂದು ಹಾಕಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಚಾಪೆ ತರಲು ನಾನು ಒಳಗೆ ಹೋಗಿ ಬರುವುದರೊಳಗೆ, ಎಲ್ಲರಿಗಿಂತ ಮೊದಲು ಅವರಿಗೇ ನಿದ್ದೆ ಹತ್ತಿತ್ತು. ಮಂದೆ ಕಾಯುವವರು ಮಲಗುವ ಹಾಗೆ ಕೂತಲ್ಲೇ, ಗೋಡೆಗೆ ಒರಗಿ, ಇಲ್ಲದ ಕೋಲನ್ನು ಹಿಡಿದಂತೆ ಮಂಡಿಯ ಮೇಲೆ ಮುಷ್ಟಿ ಮಾಡಿಕೊಂಡು.